ಸ್ಟಾಪ್ ಅಂದ ಮೇಲೆ ಇನ್ನೊಂದು ಮಾತು

ನಾನು ಕಟ್ಟಿದ ಭಾಷೆಯಲ್ಲಿ ಒಟ್ಟು ಹನ್ನೊಂದು ಪದಗಳಿದ್ದವು. ಅದನ್ನು ಬಳಸುತ್ತಿದ್ದವರು ಹೈದರಾಬಾದಿನ ಸನತ್‌ನಗರದ ಒಂದು ಶೆಡ್ಡಿನಲ್ಲಿ ಕೆಲಸ ಮಾಡುವ ಆರು ಜನ ಹೆಂಗಸರು, ಕೇಳುತ್ತಿದ್ದದ್ದು ಒಂದು ಪ್ರೆಸ್ಸು. ಕೆಳಗೆ ರಬ್ಬರ್ ಹಾಳೆ ಇಟ್ಟರೆ ಮೇಲಿನಿಂದ ಅಚ್ಚು ಇಳಿದು, ನೀರಿನ ಪಂಪುಗಳಿಗೆ ಹಾಕುವ ವಾಷರ್‌ಗಳನ್ನು ಕತ್ತರಿಸುವ ಯಂತ್ರ ಅದು. ಪಕ್ಕದಲ್ಲೊಂದು ಕಂಪ್ಯೂಟರು, ಅದರ ಕೀಬೋರ್ಡಿನ ಮೇಲೆ ಧೂಳು ಕೂರದಂತೆ ಪ್ಲಾಸ್ಟಿಕ್ ಹೊದಿಕೆ. ಸ್ಟಾರ್ಟ್ ನಲವತ್ತು ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಅಚ್ಚು ನಲವತ್ತು ಸಲ ಇಳಿದೇಳುತ್ತಿತ್ತು. ಎರಡು ಹೊಡೆತಗಳ ನಡುವೆ ಹನ್ನೆರಡು ಸೆಕೆಂಡು ಬಿಡುವು. ಆ ಬಿಡುವಿನಲ್ಲಿ ಹಾಳೆಯನ್ನು ಮರದ ಕೋಲಿನಿಂದ ಮುಂದಕ್ಕೆ ಸರಿಸಬೇಕು. ಹಾಳೆ ಸೊಟ್ಟಗಾದರೆ ಮಾತ್ರ ಸ್ಟಾಪ್ ಎಂದು ಟೈಪ್ ಮಾಡಿ, ಕೈ ಹಾಕಿ ಸರಿಮಾಡಿ, ಮತ್ತೆ ಶುರು ಮಾಡಬೇಕು.

ಟೈಪ್ ಮಾಡಿದ್ದನ್ನು ಪದಪದವಾಗಿ ಓದಿ, ಇದು ಪೂರ್ತಿ ಆಜ್ಞೆ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಭಾಗಕ್ಕೆ ಪಾರ್ಸರ್ ಎನ್ನುತ್ತಾರೆ. ಅದನ್ನು ನಾನು ಬರೆದೆ ಎಂದು ಹೇಳಿಕೊಂಡು ತಿರುಗಿದ್ದೇನೆ. ನಿಜವಾಗಿ ನಾನು ಬರೆದದ್ದು ಒಂದೂವರೆ ಪುಟದ ನಿಯಮಗಳನ್ನು ಮಾತ್ರ. ಸ್ಟಾರ್ಟ್ ಆದ ಮೇಲೆ ಒಂದು ಸಂಖ್ಯೆ ಬರಲೇಬೇಕು. ಸ್ಟಾಪ್ ಆದ ಮೇಲೆ ಸಂಖ್ಯೆ ಬಂದರೂ ಸರಿ, ಬರದಿದ್ದರೂ ಸರಿ: ಬರೀ ಸ್ಟಾಪ್ ಎಂದರೆ ಈಗಲೇ ನಿಲ್ಲು, ಸ್ಟಾಪ್ ಐದು ಎಂದರೆ ಇನ್ನೈದು ಹೊಡೆತ ಮುಗಿಸಿ ನಿಲ್ಲು. ಇಂಥ ನಿಯಮಗಳನ್ನು ಕೊಟ್ಟರೆ ಪಾರ್ಸರನ್ನು ತಾನೇ ಹುಟ್ಟಿಸಿಕೊಡುವ ಸಾಧನವೊಂದಿದೆ. ಅದು ಹುಟ್ಟಿಸಿದ ಸಾವಿರಾರು ಸಾಲುಗಳನ್ನು ನಾನು ಓದಲಿಲ್ಲ. ಯಾರೂ ಓದುವುದಿಲ್ಲ. ಹೆರಿಗೆ ಬೇರೆಯವರದು, ಹೆಸರಿಡುವ ಸಡಗರ ಮಾತ್ರ ನಮ್ಮದು.

ಅದರಲ್ಲೊಂದು ದೋಷವಿತ್ತು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ನನಗೆ ಗೊತ್ತಿರಲಿಲ್ಲ ಎನ್ನುವುದನ್ನು ಬಿಟ್ಟರೆ ನನ್ನ ಪರವಾಗಿ ಹೇಳಿಕೊಳ್ಳಲು ಬೇರೇನೂ ಇಲ್ಲ. ಸ್ಟಾಪ್ ಎಂಬ ಪದವನ್ನು ಓದಿದ ಪಾರ್ಸರ್ ಅಲ್ಲಿಗೇ ಓದುವುದನ್ನು ಮುಗಿಸುತ್ತಿರಲಿಲ್ಲ. ಮುಂದೆ ಸಂಖ್ಯೆ ಬಂದೀತೇನೋ ಎಂದು ಇನ್ನೊಂದು ಪದಕ್ಕಾಗಿ ಕಾಯುತ್ತಿತ್ತು. ಎಂಟರ್ ಒತ್ತಿದಾಗ ಮಾತು ಮುಗಿಯಿತೆಂದು ಅದಕ್ಕೆ ತಿಳಿಯಬೇಕಿತ್ತು. ಆದರೆ ಉದ್ದದ ಆಜ್ಞೆಯನ್ನು ಎರಡು ಸಾಲಿನಲ್ಲಿ ಬರೆಯಲು ಅನುಕೂಲವಾಗಲಿ ಎಂದು, ಎಂಟರನ್ನೂ ಪದಗಳ ನಡುವಿನ ಖಾಲಿ ಜಾಗದಂತೆಯೇ ಎಸೆದುಬಿಡು ಎಂದು ನಾನೇ ಹೇಳಿಟ್ಟಿದ್ದೆ. ಎರಡು ಸಾಲಿನ ಆಜ್ಞೆಯನ್ನು ಆ ಶೆಡ್ಡಿನಲ್ಲಿ ಒಬ್ಬರೂ ಒಂದು ದಿನವೂ ಬರೆಯಲಿಲ್ಲ.

ಪರೀಕ್ಷೆ ಮಾಡಲಿಲ್ಲವೇ ಎಂದು ಕೇಳಬಹುದು. ಮಾಡಿದ್ದೆ, ಆಜ್ಞೆಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಟ್ಟು ಓದಿಸಿದ್ದೆ. ಫೈಲಿಗೆ ಕೊನೆ ಎಂಬುದಿರುತ್ತದೆ. ಕೊನೆ ಕಂಡ ಪಾರ್ಸರ್ ಇನ್ನೇನೂ ಬರುವುದಿಲ್ಲವೆಂದು ತಿಳಿದು ಕಟ್ಟಕಡೆಯ ಸ್ಟಾಪನ್ನೂ ಪಾಲಿಸುತ್ತಿತ್ತು. ಕೀಬೋರ್ಡಿಗೆ ಕೊನೆ ಎಲ್ಲಿಯದು? ಮುಂದೆ ಕುಳಿತವಳು ಇನ್ನೇನು ಬರೆಯುತ್ತಾಳೋ ಎಂದು ಅದು ಕಾಯುತ್ತಲೇ ಇರುತ್ತದೆ. ನಾನು ಒಂದು ದಿನವಾದರೂ ಆ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಬೆರಳಿಟ್ಟು ಸ್ಟಾಪ್ ಎಂದು ಟೈಪ್ ಮಾಡಿ ನೋಡಿದ್ದರೆ ಸಾಕಿತ್ತು. ನನ್ನ ಮೇಜು ಮಹಡಿಯ ಮೇಲಿತ್ತು, ಅಲ್ಲಿ ಫ್ಯಾನೂ ಇತ್ತು, ಕೆಳಗಿಳಿದು ಹೋಗುವುದೆಂದರೆ ನನಗೆ ಬೇಸರ.

ಆರು ಜನರಲ್ಲಿ ಹಿರಿಯವರು ಬೀದರ್ ಕಡೆಯವರು. ಮದುವೆಯಾಗಿ ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷ ಮೀರಿತ್ತು, ಮನೆ ಬೋರಬಂಡದಲ್ಲಿ. ನಾನು ಹುಟ್ಟಿ ಬೆಳೆದದ್ದೇ ಇಲ್ಲಿ, ದಿಲ್‌ಸುಖ್‌ನಗರದಲ್ಲಿ. ಅಪ್ಪ ಸರ್ಕಾರಿ ನೌಕರಿಗೆಂದು ಕಲಬುರಗಿ ಬಿಟ್ಟು ಬಂದವರು. ಮನೆಯ ಹೊಸ್ತಿಲು ದಾಟಿದರೆ ನಮ್ಮದು ತೆಲುಗು, ಇಲ್ಲವೇ ಹಿಂದಿ. ಹಾಗಾಗಿ ಮೊದಲ ನಾಲ್ಕು ತಿಂಗಳು ನಾವಿಬ್ಬರೂ ತೆಲುಗಿನಲ್ಲಿಯೇ ವ್ಯವಹರಿಸಿದ್ದೆವು. ಒಂದು ದಿನ ನಾನು ಮೆಟ್ಟಿಲ ಬಳಿ ನಿಂತು ಅಮ್ಮನೊಂದಿಗೆ ಫೋನಿನಲ್ಲಿ ಮಾತಾಡುವುದು ಅವರ ಕಿವಿಗೆ ಬಿತ್ತು.

"ಏನ್ರಿ ಮೇಡಂ, ನೀವೂ ನಮ್ಮೋರ ಏನ್ರಿ? ಇಷ್ಟ್ ದಿನ ತೆಲುಗಿನ್ಯಾಗ ಮಾತಾಡ್ಸಿ ನನ್ ನಾಲಿಗಿ ತಿರಿವಿ ಇಟ್ರಲ್ರಿ," ಎಂದರು.

ಅಂದಿನಿಂದ ನಾನು ಅವರನ್ನು ಅಕ್ಕಾರ ಎನ್ನತೊಡಗಿದೆ. ಅವರು ಮಾತ್ರ ಮೇಡಂ ಬಿಡಲಿಲ್ಲ. ಊಟದ ಹೊತ್ತಿಗೆ ನನಗೆಂದು ಜೋಳದ ರೊಟ್ಟಿಯನ್ನು ಡಬ್ಬಿಯಲ್ಲಿಟ್ಟು ಮೇಲಕ್ಕೆ ಕಳಿಸುತ್ತಿದ್ದರು. ನಾನು ತಿನ್ನುತ್ತಿದ್ದೆ. ಡಬ್ಬಿಯಲ್ಲಿ ಏನಾದರೂ ಹಾಕಿ ತಿರುಗಿ ಕಳಿಸಬೇಕೆಂಬುದು ನನಗೆ ಹೊಳೆದದ್ದು ಕಡಿಮೆ.

ಈ ಅಕ್ಕ ಪ್ರತಿ ಆಜ್ಞೆಯ ಕೊನೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ಶಿವ ಎಂದು ಟೈಪ್ ಮಾಡುತ್ತಿದ್ದರು. ಅವರನ್ನು ನೋಡಿ ಉಳಿದವರೂ ಕಲಿತಿದ್ದರು. ಒಬ್ಬಾಕೆ ಹಿಂದಿಯ ಬಸ್, ಸಾಕು ಎಂದು ಬರೆಯುತ್ತಿದ್ದಳು, ಇನ್ನೊಬ್ಬಾಕೆ ತೆಲುಗಿನ ಅಯಿಪೋಯಿಂದಿ, ಮುಗಿಯಿತು ಎಂದು. ನನ್ನ ಹನ್ನೊಂದು ಪದಗಳಲ್ಲಿ ಇವ್ಯಾವುವೂ ಇರಲಿಲ್ಲವಾದ್ದರಿಂದ ಪ್ರತಿ ಸಲವೂ ಪರದೆಯ ಮೇಲೆ ಕೆಂಪು ಸಾಲೊಂದು ಮೂಡುತ್ತಿತ್ತು: ಗೊತ್ತಿಲ್ಲದ ಪದ. ದಿನಕ್ಕೆ ನೂರಾರು ಕೆಂಪು ಸಾಲು. ಒಮ್ಮೆ ಕೆಳಗಿಳಿದಾಗ, ಇದೇನು ಎಂದು ಕೇಳಿದೆ.

"ಕೆಲಸ ಮುಗೀತಂದ್ರ ಶಿವಾ ಅನ್ನೂದು ನಮ್ ಪದ್ಧತಿ ಅಲ್ಲೇನ್ರಿ," ಎಂದರು ಅಕ್ಕ. "ಹೊರಿ ಇಳಿಸಿದ್ರ ಶಿವಾ, ಕುಂತ್ರ ಶಿವಾ. ಇದಕ್ಕೂ ಹಂಗ. ಸ್ಟಾಪ್ ಅಂತ ಒಂದ ಮಾತ್ ಹೇಳಿದ್ರ ಈ ಮಷಿನ್ ಕೇಳಂಗಿಲ್ರಿ. ಮ್ಯಾಲ ಇನ್ನೊಂದ್ ಮಾತ್ ಹೇಳಿದ್ರ ಕೇಳ್ತೈತಿ."

ನನ್ನ ದೋಷವನ್ನು ನನ್ನ ಮುಖಕ್ಕೇ, ಇದಕ್ಕಿಂತ ಸ್ಪಷ್ಟವಾಗಿ ಯಾವ ಎಂಜಿನಿಯರೂ ಹೇಳಲಾರ. ನಾನು ನಕ್ಕೆ. ಯಂತ್ರಕ್ಕೆ ಕುಂಕುಮ ಹಚ್ಚುವಂಥದ್ದೇ ಇನ್ನೊಂದು ಭಕ್ತಿ ಎಂದುಕೊಂಡೆ. ಅಂದು ಸಂಜೆ ಮೆಟ್ರೋದಲ್ಲಿ ನಿಂತು ಹಳೆಯ ಗೆಳತಿಯೊಬ್ಬಳಿಗೆ ಈ ಕಥೆಯನ್ನು ತಮಾಷೆಯಾಗಿ ಫೋನಿನಲ್ಲಿ ಹೇಳಿದ್ದೂ ನೆನಪಿದೆ. ನನ್ನ ಪ್ರೆಸ್ಸಿಗೆ ಮೂರು ಭಾಷೆಯವರು ಮೂರು ಮಂತ್ರ ಹೇಳುತ್ತಾರೆ ಎಂದಿದ್ದೆ. ಓದು ಬಂದವರ ಕಿವಿ ಎಷ್ಟು ಮಂದವಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ಅವರು ಅದನ್ನು ಕಂಡುಕೊಂಡದ್ದಾದರೂ ಹೇಗೆ? ಆಮೇಲೆ ಯೋಚಿಸಿದಾಗ ತಿಳಿಯಿತು. ಮೊದಲ ವಾರದಲ್ಲೇ ಎಂದೋ ಸ್ಟಾಪ್ ಎಂದರೂ ನಿಲ್ಲದ್ದನ್ನು ನೋಡಿರಬೇಕು. ಅಭ್ಯಾಸದಂತೆ ಶಿವ ಎಂದು ಒತ್ತಿರಬೇಕು. ಆ ಪದ ಪಾರ್ಸರಿಗೆ ಬಂದಾಗ, ಇದು ಸಂಖ್ಯೆಯಲ್ಲ, ಹಾಗಾದರೆ ಹಿಂದಿನ ಸ್ಟಾಪ್ ಅಲ್ಲಿಗೇ ಮುಗಿದಿದೆ ಎಂದು ಅದಕ್ಕೆ ಖಾತ್ರಿಯಾಗಿ ಪ್ರೆಸ್ಸನ್ನು ನಿಲ್ಲಿಸುತ್ತಿತ್ತು. ಆಮೇಲೆ ಈ ಪದ ಗೊತ್ತಿಲ್ಲವೆಂದು ಕೆಂಪು ಸಾಲು ತೋರಿಸುತ್ತಿತ್ತು. ಆರು ಹೆಂಗಸರ ಕೈಗಳು ಎಂಟು ತಿಂಗಳು ಉಳಿದದ್ದು ಆ ಒಂದು ಹೆಚ್ಚಿನ ಪದದಿಂದ.

ಮಾಲೀಕರು ತೆಲುಗಿನವರು, ಸ್ವಂತ ದುಡಿಮೆಯಿಂದ ಶೆಡ್ಡು ಕಟ್ಟಿದವರು, ಮಾತು ಮೆದು. ಒಂದು ಸೋಮವಾರ ನನ್ನ ಮೇಜಿನ ಬಳಿ ಬಂದರು. ಮುಂದಿನ ವಾರ ದೊಡ್ಡ ಗಿರಾಕಿಗಳು ಶೆಡ್ಡು ನೋಡಲು ಬರುವವರಿದ್ದರು. "ಮೇಡಂ, ಆ ಎರ್ರ ಲೈನ್ಲು ತೀಸೇಯಂಡಿ," ಎಂದರು, ಆ ಕೆಂಪು ಸಾಲುಗಳನ್ನು ತೆಗೆದುಬಿಡಿ, ನೋಡಿದವರು ಯಂತ್ರ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅದೇನು ಮಹಾ ಎಂದೆ. ಹತ್ತು ನಿಮಿಷದ ಕೆಲಸ. ಗೊತ್ತಿಲ್ಲದ ಪದ ಬಂದರೆ ಸದ್ದಿಲ್ಲದೆ ಎಸೆದುಬಿಡು, ಖಾಲಿ ಜಾಗವನ್ನೂ ಎಂಟರನ್ನೂ ಎಸೆಯುವಂತೆ. ಶಿವ, ಬಸ್, ಅಯಿಪೋಯಿಂದಿ, ಮೂರೂ ಪಾರ್ಸರಿನ ಬಾಗಿಲವರೆಗೂ ಬರದಂತಾದವು. ಸಂಜೆ ಪಾಳಿ ಮುಗಿದ ಮೇಲೆ ಹೊಸದನ್ನು ಹಾಕಿ, ಕೆಳಗಿಳಿದು ಅಕ್ಕನಿಗೆ ಹೇಳಿದೆ, ನಾಳೆಯಿಂದ ಕೆಂಪು ಬರುವುದಿಲ್ಲ ಎಂದು.

"ಅಂದ್ರ ಇನ್ನ ಬೈಯಂಗಿಲ್ಲನ್ರಿ ಇದು?"

"ಇಲ್ಲ ಬಿಡ್ರಿ ಅಕ್ಕಾರ. ನಿಮ್ ಶಿವನ್ನ ಒಪ್ಪಿಕೊಂಡೈತಿ."

ಇಬ್ಬರೂ ನಕ್ಕೆವು. ನನ್ನ ನಗುವಿನಲ್ಲಿ ಸ್ವಲ್ಪ ಜಂಬವೂ ಇತ್ತು.

ಮಂಗಳವಾರ ಬೆಳಿಗ್ಗೆ ಚಹಾ ಆದ ಮೇಲೆ ಹಾಳೆ ಸೊಟ್ಟಗಾಯಿತು. ಅಕ್ಕ ಸ್ಟಾಪ್ ಎಂದು ಟೈಪ್ ಮಾಡಿದರು, ಎಂಟರ್ ಒತ್ತಿದರು, ಶಿವ ಎಂದರು, ಎಂಟರ್ ಒತ್ತಿದರು. ಅಚ್ಚು ಮೇಲೆಯೇ ನಿಂತಿತ್ತು. ಅದು ಎರಡು ಹೊಡೆತಗಳ ನಡುವಿನ ಬಿಡುವು ಎಂದು ಅವರಿಗೆ ತಿಳಿಯುವ ದಾರಿಯಿರಲಿಲ್ಲ, ನಿಂತ ಪ್ರೆಸ್ಸೂ ಬಿಡುವಿನಲ್ಲಿರುವ ಪ್ರೆಸ್ಸೂ ನೋಡಲು ಒಂದೇ. ಟೈಪ್ ಮಾಡಿದ್ದು ಎಂಟರ್ ಒತ್ತಿದ ಕೂಡಲೇ ಪರದೆಯಿಂದ ಅಳಿಸಿಹೋಗುತ್ತಿತ್ತು, ಆದ್ದರಿಂದ ಅಲ್ಲಿಯೂ ಏನೂ ಕಾಣುತ್ತಿರಲಿಲ್ಲ. ಯಂತ್ರಕ್ಕೊಂದು ಜಾಲರಿ ಬಾಗಿಲಿತ್ತು, ತೆರೆದು ಮುಚ್ಚುವುದು ತಡ ಎಂದು ಅದನ್ನು ಎಂದೋ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅಕ್ಕ ಎಡಗೈ ಒಳಗೆ ಹಾಕಿದರು.

ಪ್ರೆಸ್ಸಿನ ಸದ್ದು ನನಗೆ ರೂಢಿಯಾಗಿತ್ತು. ಅದರ ಹಿಂದೆಯೇ ಬಂದ, ಶೆಡ್ಡಿನ ಉಸ್ತುವಾರಿ ನೋಡುವ ಮೇಸ್ತ್ರಿಯ ಕೂಗು ಕೇಳಿ ಮೆಟ್ಟಿಲಿಳಿದೆ. ಅಷ್ಟರಲ್ಲಿ ಆತ ಕಂಬದ ಮೇಲಿನ ಕೆಂಪು ಗುಂಡಿ ಹೊಡೆದು ಪ್ರೆಸ್ಸಿನ ಕರೆಂಟು ಕಡಿದಿದ್ದರು, ಕೀಬೋರ್ಡಿಗೆ ಹೋಗಿ ತಾವೂ ಒಮ್ಮೆ ಸ್ಟಾಪ್ ಎಂದು ಒತ್ತಿದ್ದರು. ಆತ ಹಳೇ ಮೇಸ್ತ್ರಿ, ಕಟ್ಟುನಿಟ್ಟಿನ ಮನುಷ್ಯ. ಅಕ್ಕನ ಕೈಗೆ ಯಾರದೋ ದುಪಟ್ಟಾ ಸುತ್ತಿದ್ದರು. ತೋರುಬೆರಳು, ನಡುಬೆರಳು, ಎರಡರ ತುದಿಯೂ ಮೊದಲ ಗೆಣ್ಣಿನವರೆಗೆ ಹೋಗಿದ್ದವು. ಅವರು ಅಳುತ್ತಿರಲಿಲ್ಲ. ಮಾಲೀಕರ ಕಾರಿಗೆ ಹತ್ತಿಸುವಾಗ ನನ್ನನ್ನೇ ಹುಡುಕಿ ನೋಡಿ, "ಸ್ಟಾಪ್ ಬರದೀನ್ರಿ ಮೇಡಂ. ಶಿವ ಅಂತೂ ಬರದೀನಿ," ಎಂದರು. ಹೌದು ಹೌದು ಎಂದೆ, ನೋವಿನಲ್ಲಿರುವವರಿಗೆ ಎಲ್ಲರೂ ಹೇಳುವ ಹಾಗೆ.

ಮಧ್ಯಾಹ್ನ ಮಾಲೀಕರ ಕೋಣೆಯಲ್ಲಿ ನಾವು ಮೂವರು ಕುಳಿತೆವು: ಅವರು, ಮೇಸ್ತ್ರಿ, ನಾನು. ಲಾಗ್ ಓದಲು ನನ್ನನ್ನು ಕರೆದಿದ್ದರು. ಯಂತ್ರ ಪಾಲಿಸಿದ ಪ್ರತಿ ಆಜ್ಞೆಯನ್ನೂ, ಹೊಡೆದ ಪ್ರತಿ ಹೊಡೆತವನ್ನೂ ಸಾಲಾಗಿ ಬರೆದಿಡುವ ಪಟ್ಟಿ ಅದು. ಸ್ಟಾರ್ಟ್ ನಲವತ್ತು. ಆಮೇಲೆ ಹದಿನೇಳು ಹೊಡೆತ. ಆಮೇಲೆ ಒಂದು ಸ್ಟಾಪ್. ಹದಿನೇಳನೆಯದು ಅಕ್ಕನ ಕೈ ಮೇಲೆ ಬಿದ್ದ ಹೊಡೆತ. ಅಂದರೆ ಸ್ಟಾಪ್ ಬಂದದ್ದು ಕೈ ಹೋದ ಮೇಲೆ.

"ವೋ ಸ್ಟಾಪ್ ತೋ ಮೈಂಚ್ ಡಾಲಾ ಸಾಬ್," ಎಂದರು ಮೇಸ್ತ್ರಿ, ಅದನ್ನು ಹಾಕಿದ್ದು ನಾನೇ ಎಂದು. ಆತ ಸುಳ್ಳು ಹೇಳುವ ಮನುಷ್ಯನಲ್ಲ, ಆಗಲೂ ಹೇಳಲಿಲ್ಲ.

"ಹಾಗಾದರೆ ಆಕೆ ಸ್ಟಾಪ್ ಕೊಟ್ಟೇ ಇಲ್ಲವೇ?" ಎಂದು ಮಾಲೀಕರು ತೆಲುಗಿನಲ್ಲಿ ನನ್ನನ್ನು ಕೇಳಿದರು.

"ಲಾಗ್‌ನಲ್ಲಿ ಇಲ್ಲ ಸಾರ್," ಎಂದೆ. ಅಷ್ಟಕ್ಕೆ ಬಿಡಬಹುದಿತ್ತು. "ಲಾಗ್ ಅಬದ್ಧಂ ಚೆಪ್ಪದು," ಎಂದು ಸೇರಿಸಿದೆ, ಲಾಗ್ ಸುಳ್ಳು ಹೇಳುವುದಿಲ್ಲ. ಯಾರೂ ಕೇಳದಿದ್ದ ಆ ಮಾತನ್ನು ನಾನು ಯಾಕೆ ಹೇಳಿದೆ? ನನ್ನ ಕೆಲಸದ ಬಗ್ಗೆ ಯಾರೂ ಇನ್ನೊಂದು ಪ್ರಶ್ನೆ ಕೇಳದಿರಲಿ ಎಂದು ಇರಬೇಕು. ಅಕ್ಕನಿಗೆ ವಯಸ್ಸಾಗುತ್ತಿದೆ, ಮರೆವು ಬಂದಿದೆ ಎಂದು ಅಲ್ಲಿಯೇ ತೀರ್ಮಾನವಾಯಿತು. ಮರೆವು ಬಂದವಳನ್ನು ಯಂತ್ರದ ಮುಂದೆ ಕೂರಿಸುವಂತಿಲ್ಲ. ಆ ಕೈಗಾರಿಕಾ ಎಸ್ಟೇಟಿನಲ್ಲಿ ಒಂದು ಶೆಡ್ಡಿನ ಮಾತು ಇನ್ನೊಂದು ಶೆಡ್ಡಿಗೆ ಮುಟ್ಟಲು ಒಂದು ಚಹಾದ ಹೊತ್ತು ಸಾಕು, ಆಮೇಲೆ ಯಾರೂ ಕೂರಿಸುವುದಿಲ್ಲ.

ಬುಧವಾರ ಬೆಳಿಗ್ಗೆ ಬೇರೊಬ್ಬಾಕೆ ಪ್ರೆಸ್ಸಿಗೆ ಕುಳಿತಳು. ಒಬ್ಬಳೇ ಕೂರಲು ಅವಳು ಒಪ್ಪದ್ದರಿಂದ ನಾನು ಪಕ್ಕದಲ್ಲೇ ನಿಂತಿದ್ದೆ. ಸ್ಟಾರ್ಟ್ ನಲವತ್ತು ಎಂದು ಒತ್ತಿದಳು. ಪರದೆಯ ಬದಿಯಲ್ಲಿ ಅಂದು ನಾನೇ ಲಾಗ್ ತೆರೆದಿಟ್ಟಿದ್ದೆ, ಅದರಲ್ಲಿ ಒಮ್ಮೆಗೇ ಎರಡು ಸಾಲು ಮೂಡಿದವು. ಮೊದಲು ಸ್ಟಾಪ್, ಕೆಳಗೆ ಸ್ಟಾರ್ಟ್ ನಲವತ್ತು. ಎರಡಕ್ಕೂ ಒಂದೇ ಸೆಕೆಂಡು.

ಸ್ಟಾಪ್ ಎಂದು ಬುಧವಾರ ಯಾರೂ ಟೈಪ್ ಮಾಡಿರಲಿಲ್ಲ. ನನ್ನ ಕಣ್ಣೆದುರಿಗೇ ಅವಳು ಒತ್ತಿದ್ದು ಸ್ಟಾರ್ಟ್ ಮಾತ್ರ.

ಕಂಬದ ಕೆಂಪು ಗುಂಡಿ ಒತ್ತಿ ಅವಳನ್ನು ದೂರ ಕೂರಿಸಿದೆ. ಮಹಡಿ ಹತ್ತಿ ನನ್ನ ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಮನ್ನು ಶುರು ಮಾಡಿ, ಮೊದಲ ಸಲ, ಆ ಹೆಂಗಸರು ಮಾಡುವ ಹಾಗೆ ಕೈಯಿಂದ ಸ್ಟಾಪ್ ಎಂದು ಟೈಪ್ ಮಾಡಿ ಎಂಟರ್ ಒತ್ತಿದೆ. ಏನೂ ಆಗಲಿಲ್ಲ. ಶಿವ ಎಂದು ಒತ್ತಿದೆ. ಏನೂ ಆಗಲಿಲ್ಲ. ಸೋಮವಾರಕ್ಕೆ ಮುಂಚಿನ ಹಳೆಯದನ್ನು ಹಾಕಿ ಮತ್ತೆ ಮಾಡಿದೆ. ಸ್ಟಾಪ್ ಎಂದಾಗ ಏನೂ ಇಲ್ಲ, ಶಿವ ಎಂದ ಕೂಡಲೇ ಲಾಗ್‌ನಲ್ಲಿ ಸ್ಟಾಪ್ ಬಂತು. ಲೆಕ್ಕ ಸರಿಹೋಯಿತು. ಮಂಗಳವಾರ ಅಕ್ಕ ಬರೆದ ಸ್ಟಾಪ್ ಪಾರ್ಸರಿನ ಬಾಯಲ್ಲೇ ಉಳಿದಿತ್ತು. ಮೇಸ್ತ್ರಿ ಇನ್ನೊಂದು ಸ್ಟಾಪ್ ಒತ್ತಿದಾಗ ಅಕ್ಕನದು ಲಾಗ್‌ಗೆ ಬಂತು, ಮೇಸ್ತ್ರಿಯದು ಒಳಗೆ ಉಳಿಯಿತು. ಬುಧವಾರದ ಸ್ಟಾರ್ಟ್ ಅದನ್ನೂ ಹೊರಗೆ ತಳ್ಳಿತು. ಅಂದರೆ ನಾನು ಮಾಲೀಕರ ಮುಂದೆ ಬೆರಳಿಟ್ಟು ತೋರಿಸಿದ ಆ ಒಂದು ಸ್ಟಾಪ್ ಅಕ್ಕನದೇ. ಅಕ್ಕನ ಮಾತಿಗೆ ಇದ್ದ ಒಂದೇ ಸಾಕ್ಷಿಯನ್ನು ನಾನು ಅವರ ವಿರುದ್ಧವೇ ಓದಿದ್ದೆ.

ತಿದ್ದಲು ನಾಲ್ಕು ಸಾಲು ಸಾಕಾಯಿತು. ಎಂಟರನ್ನು ಎಸೆಯಬೇಡ. ಎಂಟರ್ ಬಂದರೆ ಮುಂದಕ್ಕೆ ನೋಡಬೇಡ, ಕೈಯಲ್ಲಿರುವುದನ್ನು ಆ ಕ್ಷಣವೇ ಪಾಲಿಸಿ, ಓದುವುದನ್ನು ಅಲ್ಲಿಗೆ ಮುಗಿಸು. ಪ್ರೆಸ್ಸಿಗೆ ಕುಳಿತವಳನ್ನು ಅಲ್ಲಿಯವರೆಗೆ ಯಂತ್ರದ ಹತ್ತಿರ ಬಿಡಲಿಲ್ಲ. ಊಟಕ್ಕೆ ಮುಂಚೆ ಹೊಸದನ್ನು ಹಾಕಿ, ನಾನೇ ಹತ್ತು ಸಲ ಸ್ಟಾಪ್ ಒತ್ತಿ ನೋಡಿದೆ. ಹತ್ತು ಸಲವೂ ನಿಂತಿತು. ಇನ್ನು ಯಾರಿಗೂ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಮತ್ತು ಬಾಯಿಗೆ ಬೀಗ ಹಾಕಿಕೊಂಡೆ.

ಯಾಕೆ ಹೇಳಲಿಲ್ಲ ಎಂಬುದಕ್ಕೆ ಆಗ ನನ್ನ ಬಳಿ ಕಾರಣಗಳ ಮೂಟೆಯೇ ಇತ್ತು. ಗಿರಾಕಿಗಳು ಬಂದು ಹೋಗಲಿ. ಅಕ್ಕನ ಬೆರಳು ಹೇಗೂ ತಿರುಗಿ ಬರುವುದಿಲ್ಲ. ಬಾಗಿಲು ಬಿಚ್ಚಿಟ್ಟವರು ನಾನಲ್ಲ. ಒಂದೊಂದೂ ನಿಜವೇ, ಅದೇ ಅದರ ಕೆಟ್ಟತನ. ನನಗೆ ಹೆದರಿಕೆಯಾಗಿತ್ತು, ಅಷ್ಟೆ. ಯಾರಾದರೂ ಅಕ್ಕನ ಸುದ್ದಿ ಎತ್ತಿದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಶುಕ್ರವಾರ ಸಂಜೆ ಮನೆಯಲ್ಲಿ ಅಮ್ಮ ಮೆಂತ್ಯದ ಸೊಪ್ಪು ಸೋಸುತ್ತ, ಮೂರು ದಿನದಿಂದ ಉಣ್ಣುತ್ತಿಲ್ಲವಲ್ಲ, ಏನಾಗಿದೆ ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಪಾರ್ಸರ್ ಅವರಿಗೆ ತಿಳಿಯಲಿಲ್ಲ, ಉಳಿದದ್ದು ತಿಳಿಯಿತು.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗಾತಲ್ಲ," ಎಂದರು.

"ನನಗ ಗಾದಿ ಮಾತು ಬ್ಯಾಡ," ಎಂದು ರೇಗಿದೆ.

"ಬ್ಯಾಡಾದ್ರ ಬಿಡು. ಆಕಿ ರೊಟ್ಟಿ ಎಷ್ಟ್ ತಿಂದಿ ನೀ?"

ಎದ್ದು ಒಳಗೆ ಹೋದೆ. ಅಮ್ಮನ ಮೇಲೆ ಸಿಟ್ಟು ಬಂದಿತ್ತು, ಸಿಟ್ಟು ಬರಲು ಕಾರಣವಿಲ್ಲವೆಂಬುದೂ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಮಾಲೀಕರು ಒಂದು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟರು. ತೆಲುಗಿನಲ್ಲಿ ಟೈಪ್ ಮಾಡಿದ ಏಳೆಂಟು ಸಾಲು. ಯಂತ್ರವನ್ನು ನಿಲ್ಲಿಸದೆ ಕೈ ಹಾಕಿದ್ದೇನೆ, ಇದು ನನ್ನ ಮರೆವಿನಿಂದ ಆದದ್ದು, ಬೇರೆ ಯಾರ ತಪ್ಪೂ ಇಲ್ಲ. ಕೆಳಗೆ ಅಕ್ಕನ ಸಹಿ, ಕನ್ನಡದಲ್ಲಿ, ಶಾಲೆಯ ಹುಡುಗಿ ಬರೆದಂತೆ ದುಂಡಗೆ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ. ಅದರ ಪಕ್ಕದಲ್ಲಿ ಸಾಕ್ಷಿ ಎಂದು ಖಾಲಿ ಗೆರೆ. ಲಾಗ್‌ನ ಪುಟ ಲಗತ್ತಿಸಿ ನಾನು ಸಹಿ ಹಾಕಬೇಕಿತ್ತು.

ಹಾಳೆಯನ್ನು ಎರಡು ಸಲ ಓದಿದೆ. ಪೆನ್ನು ಕೈಯಲ್ಲಿತ್ತು. ಅಕ್ಕ ನಿಲ್ಲಿಸಿದ್ದೆ ಎಂದು ಹಟ ಹಿಡಿದಿದ್ದರೆ ನಾನು ಇನ್ನೂ ಒಂದು ವಾರ ಸುಮ್ಮನಿರುತ್ತಿದ್ದೆನೋ ಏನೋ. ಅವರು ಒಪ್ಪಿಕೊಂಡುಬಿಟ್ಟಿದ್ದರು, ಅದನ್ನು ನನ್ನಿಂದ ನುಂಗಲಾಗಲಿಲ್ಲ. ಎದ್ದು ಮಾಲೀಕರ ಕೋಣೆಗೆ ಹೋಗಿ, ಬಾಗಿಲು ಹಾಕಿ, ನಿಂತುಕೊಂಡೇ ಹೇಳಿದೆ. ಸ್ಟಾಪ್ ಆಕೆ ಕೊಟ್ಟಿದ್ದಾರೆ, ನನ್ನ ಪ್ರೋಗ್ರಾಮ್ ಅದನ್ನು ಓದಿಯೂ ಇನ್ನೊಂದು ಪದಕ್ಕಾಗಿ ಕಾಯುತ್ತ ಕುಳಿತಿತ್ತು, ಆ ಇನ್ನೊಂದು ಪದವನ್ನೂ ಆಕೆ ಕೊಟ್ಟಿದ್ದಾರೆ, ಸೋಮವಾರ ಸಂಜೆ ಅದನ್ನು ಎಸೆಯುವಂತೆ ಮಾಡಿದವಳು ನಾನು.

ಅವರು, "ಆಮೆ ಒಪ್ಪುಕುಂದಿ ಕದಾ ಮೇಡಂ," ಎಂದರು. ಆಕೆ ಒಪ್ಪಿಕೊಂಡಾಗಿದೆಯಲ್ಲ.

ನಾನು ಹೇಳಿದ್ದನ್ನು ನಂಬಿ ಒಪ್ಪಿಕೊಂಡಿದ್ದಾರೆ ಸಾರ್, ಎಂದೆ. ಮೇಜಿಗೆ ಮರಳಿ ಎಲ್ಲವನ್ನೂ ಕೈಯಲ್ಲೇ ಬರೆದು, ಮಂಗಳವಾರದ್ದೂ ಬುಧವಾರದ್ದೂ ಲಾಗ್ ಪುಟಗಳನ್ನು ಜೋಡಿಸಿ, ಸಹಿ ಹಾಕಿ ಕೊಟ್ಟೆ. ಅಕ್ಕನ ಹಾಳೆಯನ್ನು ಅವರು ನನ್ನ ಮುಂದೆ ಹರಿಯಲಿಲ್ಲ, ಎರಡನ್ನೂ ಒಂದೇ ಡ್ರಾಯರಿನಲ್ಲಿಟ್ಟರು.

ಮುಂದೆ ಏನೇನಾಯಿತೆಂದು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಸೋಮವಾರ ಜಾಲರಿ ಬಾಗಿಲು ತಿರುಗಿ ಯಂತ್ರಕ್ಕೆ ಏರಿತು. ಮೇಸ್ತ್ರಿ ಶೆಡ್ಡಿನ ನಡುವೆ ನಿಂತು, ಅಕ್ಕ ಸ್ಟಾಪ್ ಕೊಟ್ಟಿದ್ದರು, ನಾವೇ ತಪ್ಪು ತಿಳಿದೆವು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹಾಗೆ ಹೇಳಬೇಕೆಂದು ಆತನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಕ ಎರಡು ತಿಂಗಳ ಮೇಲೆ ಕೆಲಸಕ್ಕೆ ಬಂದರು, ಅದೇ ಪ್ರೆಸ್ಸಿಗೆ. ಆ ಹೊತ್ತಿಗೆ ನಾನು ಅಲ್ಲಿರಲಿಲ್ಲ. ಗಿರಾಕಿಗಳು ಬಂದು ಹೋದ ಮೇಲೆ ಮಾಲೀಕರು, ಇನ್ನು ನಿಮ್ಮ ಅಗತ್ಯವಿಲ್ಲ ಎಂದು ಮೆದುವಾಗಿಯೇ ಹೇಳಿದ್ದರು. ನನಗೆ ದೂರಿಲ್ಲ.

ಆದರೆ ಆ ಶನಿವಾರ, ಕಾಗದ ಕೊಟ್ಟ ಮೇಲೆ, ಅರ್ಧ ದಿನ ರಜೆ ಕೇಳಿ ಆಟೋದಲ್ಲಿ ಬೋರಬಂಡಕ್ಕೆ ಹೋದೆ. ಗುಡ್ಡದ ಮೇಲೆ ಇಕ್ಕಟ್ಟಿನ ಓಣಿ, ಎರಡು ಕೋಣೆಯ ಮನೆ. ಅಕ್ಕನ ಗಂಡ ಶಾಲಾ ವ್ಯಾನ್ ಓಡಿಸುವವರು, ಮಧ್ಯಾಹ್ನದ ಸುತ್ತು ಮುಗಿಸಿ ಬಂದು ಕುಳಿತಿದ್ದರು. ಅಕ್ಕನ ಎಡಗೈ ಬಿಳಿ ಬಟ್ಟೆಯಲ್ಲಿ ದಪ್ಪಗೆ ಸುತ್ತಿಕೊಂಡಿತ್ತು. ನನ್ನನ್ನು ಕಂಡು ಎದ್ದರು. ಬಲಗೈಯಿಂದಲೇ ಚಾಪೆ ಹಾಸಿ, ಬ್ಯಾಡ ಎಂದರೂ ಕೇಳದೆ ಚಹಾಕ್ಕಿಟ್ಟರು. ಚಹಾ ತಂದುಕೊಟ್ಟು ಕುಳಿತವರು ಮತ್ತೆ ಎದ್ದು ಒಳಗೆ ಹೋದರು, ಬಂದರು, ಒಂದು ಗಳಿಗೆ ಬಿಟ್ಟು ಮತ್ತೆ ಹೋದರು.

"ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ನೋಡಾಕ ಹೋಗ್ಯಾಳ್ರಿ," ಎಂದರು ಗಂಡ, ಸಣ್ಣ ದನಿಯಲ್ಲಿ. "ಮೂರ್ನಾಕ್ ದಿನದಿಂದ ಹಿಂಗ ಐತಿ. ಬಾಗಲಾ ಹಾಕ್ತಾಳ, ಹೊಳ್ಳಿ ಬಂದ್ ನೋಡ್ತಾಳ. ನಳ ಬಂದ್ ಮಾಡ್ತಾಳ, ಹೊಳ್ಳಿ ನೋಡ್ತಾಳ. ತನ್ನ ಮ್ಯಾಲ ತನಗ ನಂಬಿಕಿ ಹೋಗೇತ್ರಿ. ಮಷಿನ್ ನಿಲ್ಲಿಸ್ದ ಕೈ ಯಾಕ್ ಹಾಕಿದಿ ಅಂತ ನಾನೂ ಭಾಳ ಬೈದೀನಿ."

ಅಕ್ಕ ಬಂದು ಕುಳಿತರು. ಚಹಾ ಕೆಳಗಿಟ್ಟು ಹೇಳಿದೆ.

"ಅಕ್ಕಾರ, ನೀವು ಸ್ಟಾಪ್ ಬರದಿದ್ರಿ. ಶಿವ ಅಂತನೂ ಬರದಿದ್ರಿ. ಮಷಿನ್ ಅದನ್ನ ಕೇಳದಂಗ ಮಾಡಿದಾಕಿ ನಾನ. ಲಾಗ್‌ನ್ಯಾಗ ಐತಿ, ನಾ ತಪ್ಪ ಓದಿದೆ. ಇವತ್ತ ಮಾಲಕರಿಗೆ ಬರದ್ ಕೊಟ್ ಬಂದೀನಿ."

ಅವರು ನನ್ನನ್ನು ನೋಡಿದರು. ಗಂಡನ ಕಡೆ ತಿರುಗಿ, "ಕೇಳಿದ್ರೇನು?" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಇನ್ನೊಮ್ಮಿ ಹೇಳ್ರಿ. ಅವರಿಗೆ ಕೇಳೂ ಹಂಗ ಹೇಳ್ರಿ," ಎಂದರು. ಹೇಳಿದೆ. ಗಂಡ ತಲೆ ತಗ್ಗಿಸಿದರು. ಕಾರಿಗೆ ಹತ್ತುವಾಗಲೂ ಅಳದಿದ್ದ ಹೆಂಗಸು ಆಗ ಅತ್ತರು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಬಹಳ ಹೊತ್ತು. ನನಗೂ ಕಣ್ಣು ತುಂಬಿತು. ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ನನಗೆ ಹಗುರವೆನಿಸಿತ್ತು, ದೊಡ್ಡ ಕೆಲಸವೊಂದನ್ನು ಮಾಡಿ ಮುಗಿಸಿದ ಹಾಗೆ.

ಮುಖ ಒರೆಸಿಕೊಂಡು ಅಕ್ಕ ಕೇಳಿದರು, "ನಿಮಗ ಇದು ಯಾವಾಗ ಗೊತ್ತಾತ್ರಿ ಮೇಡಂ?"

ಇವತ್ತು ಎಂದು ನಾಲಿಗೆಯ ತುದಿಗೆ ಬಂದಿತ್ತು.

"ಬುಧವಾರ ಮುಂಜಾನೆ," ಎಂದೆ.

ಅವರು ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. ದನಿ ಏರಿಸಲಿಲ್ಲ.

"ಗುರುವಾರ ಸಂಜಿಕ ಕಾಗದಾ ತಂದಿದ್ರು. ಅಲ್ಲೀತನಾ ನಾ ಬರದೀನಿ ಬರದೀನಿ ಅಂತನ ಇದ್ದೆ. ನಿಮ್ ಮೇಡಂನ ಹೇಳ್ಯಾರ ಅಂದ್ರು. ಹಂಗಾರ ನಂದ ತಪ್ಪಿರಬೇಕಂತ ಸಹಿ ಮಾಡಿದೆ. ಬೆರಳಿನ್ದು ಇರ್ಲಿ ಬಿಡ್ರಿ. ನಾ ಇಲ್ಲೀತನಾ ಒಂದ್ ಸುಳ್ಳಿಗೆ ಸಹಿ ಮಾಡಿದಾಕಿ ಅಲ್ಲ."

"ಹೌದ್ರಿ ಅಕ್ಕಾರ," ಎಂದೆ.